ಗೋಲು ಕಾಯುವವಳ ಕಣ್ಣು

ಫೆಬ್ರವರಿ ೬

ಬೆಟ್ಟದ ಮೇಲಿನ ಸೊಸೆಗೆ, ಕೆಳಗಿನ ಮನೆಯಿಂದ ಅತ್ತೆ ಬರೆಯುವುದು.

ಮೊದಲು ಕುಳಿತುಕೋ. ಎಲ್ಲರೂ ಚೆನ್ನಾಗಿದ್ದೇವೆ. ಇದನ್ನು ಮೊದಲೇ ಬರೆಯದಿದ್ದರೆ ನೀನು ಜೀಪಿನ ಪಕ್ಕ ನಿಂತುಕೊಂಡೇ ಲಕೋಟೆ ಹರಿದು ಓದುತ್ತೀಯ ಎಂದು ನನಗೆ ಗೊತ್ತು. ಸಾಮಾನಿನ ಜೀಪು ಹದಿನೈದು ದಿನಕ್ಕೊಮ್ಮೆ ಬೆಟ್ಟ ಹತ್ತುತ್ತದೆ. ನಿಮ್ಮ ಹವಾಮಾನ ಕೇಂದ್ರದ ಫೋನಿನಲ್ಲಿ ಗಾಳಿಯ ಸಮಾಚಾರ ಹೇಳಬಹುದೇ ಹೊರತು ಮನೆಯ ಸಮಾಚಾರ ಹೇಳುವಂತಿಲ್ಲ. ಹಾಗಾಗಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಈ ಎರಡು ಹಾಳೆಗೆ ಸುರಿಯುತ್ತಿದ್ದೇನೆ.

ನಿನ್ನ ಮಗಳನ್ನು ಕಣ್ಣಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿದ್ದೆ. ಹೋದ ವರ್ಷ ಮೈನಸ್ ಒಂದೂವರೆ ಇದ್ದ ನಂಬರು ಈಗ ಎರಡೂಮುಕ್ಕಾಲಾಗಿದೆ. ಹತ್ತು ವರ್ಷದ ಮಗು. ಮೈಯ ಜೊತೆಗೆ ಕಣ್ಣುಗುಡ್ಡೆಯೂ ಉದ್ದಕ್ಕೆ ಬೆಳೆಯುತ್ತಿದೆಯಂತೆ, ಬೆಳೆದಷ್ಟೂ ದೂರದ್ದು ಮಸುಕಂತೆ. "ಅಂಗಿ ಗಿಡ್ಡ ಆದ್ರೆ ಹೊಸದು ಹೊಲಿಸಬಹುದು, ಇದಕ್ಕೇನಮ್ಮ ಮಾಡೋದು?" ಅಂದೆ. ಡಾಕ್ಟರಮ್ಮ ನಕ್ಕರು, ಆಮೇಲೆ ಸಮಾಧಾನವಾಗಿ ವಿವರಿಸಿದರು. ಸಾದಾ ಕನ್ನಡಕ ಹಾಕಿದರೆ ಚೆನ್ನಾಗಿ ಕಾಣುತ್ತದೆ, ಆದರೆ ನಂಬರು ಏರುವುದು ಏರುತ್ತಲೇ ಇರುತ್ತದೆ. ನಡುಭಾಗ ಬಿಟ್ಟು ಸುತ್ತಲೂ ಬೇರೆ ರೀತಿ ಕಡೆದ ಒಂದು ಕನ್ನಡಕ ಬಂದಿದೆ, ಅದು ಏರಿಕೆಯನ್ನು ಸ್ವಲ್ಪ ನಿಧಾನ ಮಾಡುತ್ತದೆ. ಇನ್ನೊಂದು, ರಾತ್ರಿ ಲೆನ್ಸು. ಮಲಗುವಾಗ ಕಣ್ಣಿನೊಳಗೆ ಗಟ್ಟಿಯಾದ ಒಂದು ಪುಟ್ಟ ಬಿಲ್ಲೆ ಇಟ್ಟುಕೊಳ್ಳುವುದು, ಬೆಳಿಗ್ಗೆ ತೆಗೆಯುವುದು. ರಾತ್ರಿಯೆಲ್ಲ ಅದು ಕಣ್ಣಿನ ಮುಂಭಾಗವನ್ನು ಮೆಲ್ಲಗೆ ಒತ್ತಿ ಚಪ್ಪಟೆ ಮಾಡುತ್ತದೆ, ಹಗಲೆಲ್ಲ ಕನ್ನಡಕವಿಲ್ಲದೆ ಕಾಣುತ್ತದೆ, ಏರಿಕೆಯೂ ನಿಧಾನವಾಗುತ್ತದೆ.

ಮಿಡತೆ ಕುರ್ಚಿಯಿಂದ ಜಿಗಿದೇಬಿಟ್ಟಳು. ಅವಳ ಹೆಸರನ್ನು ಮರೆತು ಎಲ್ಲರೂ ಮಿಡತೆ ಎಂದೇ ಕರೆಯುವುದು ಸುಮ್ಮನೆ ಅಲ್ಲ. ಶಾಲೆಯ ಫುಟ್‌ಬಾಲ್ ತಂಡದಲ್ಲಿ ಅವಳೇ ಈಗ ಗೋಲ್‌ಕೀಪರ್, ಗೊತ್ತಲ್ಲ. ಡಾಕ್ಟರಮ್ಮನಿಗೆ ಏನು ಹೇಳಿದಳು ಕೇಳು: "ಕನ್ನಡಕ ಹಾಕಿದ್ರೆ ಚೆಂಡು ಕನ್ನಡಕಕ್ಕೆ ಬೀಳತ್ತೆ, ತೆಗೆದ್ರೆ ಚೆಂಡು ಗೋಲಿಗೆ ಬೀಳತ್ತೆ. ನಂಗೆ ಲೆನ್ಸೇ ಬೇಕು."

ನನಗೆ ಬೇಡ. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವಳು ನಾನು. ಕೀವು ಕಟ್ಟಿದ ಕಣ್ಣು ಒಂದು ದಿನದಲ್ಲಿ ಏನಾಗುತ್ತದೆ ಎಂದು ನನಗೆ ಯಾರೂ ಪಾಠ ಹೇಳಬೇಕಿಲ್ಲ. ಮುಚ್ಚಿದ ರೆಪ್ಪೆಯೊಳಗೆ ರಾತ್ರಿಯಿಡೀ ಒಂದು ಬಿಲ್ಲೆ. ಅದಕ್ಕೊಂದು ಕ್ರಿಮಿ ಅಂಟಿದ್ದರೆ? "ಅಪರೂಪ, ಆದರೆ ಆಗಲ್ಲ ಅಂತ ನಾನು ಹೇಳಲ್ಲ. ಕನ್ನಡಕದಲ್ಲಿ ಆ ಭಯ ಇಲ್ಲ" ಎಂದು ಡಾಕ್ಟರಮ್ಮನೇ ಒಪ್ಪಿಕೊಂಡರು. ಅಜ್ಜಿಗೆ ಅರಿವೆ ಚಿಂತೆ ಅಂತಾರೆ. ಈ ಅಜ್ಜಿಗೆ ಅರಿವೆ ಚಿಂತೆ ಇಲ್ಲ ಕಣೇ, ಮೊಮ್ಮಗಳ ಕಣ್ಣಿನ ಚಿಂತೆ.

ನಿನ್ನ ಗಂಡನನ್ನು ಕೇಳಿದೆ. ಬೇಕರಿಯ ರಾತ್ರಿ ಪಾಳಿ ಮುಗಿಸಿ ಬಂದು, ಕಿವಿಯಲ್ಲೆಲ್ಲ ಹಿಟ್ಟು ಮೆತ್ತಿಕೊಂಡು, "ಅಮ್ಮ ಹೇಳಿದ ಹಾಗೇ ಆಗ್ಲಿ" ಅಂದ. ಯಾವ ಅಮ್ಮ ಎಂದು ಹೇಳಲಿಲ್ಲ. ಅವನ ಅಮ್ಮನೋ, ಅವನ ಮಗಳ ಅಮ್ಮನೋ? ಅಷ್ಟರಲ್ಲಿ ಗೊರಕೆ ಶುರುವಾಗಿತ್ತು. ಹಾಗಾಗಿ ನೀನೇ ಬರೆ.

ನಿನ್ನ ದಾರಿ ನೋಡುವ
ಅತ್ತೆ

ಫೆಬ್ರವರಿ ೨೪

ಅತ್ತೆ,

ಕುಳಿತುಕೊಂಡೇ ಓದಿದೆ. ಮೊದಲ ಸಾಲಿನವರೆಗೆ ಮಾತ್ರ ನಿಂತಿದ್ದೆ.

ಇಲ್ಲಿ ಬೆಳಗಾಗುವ ಮೊದಲೇ ಎದ್ದು ಹೊರಗಿನ ಉಪಕರಣಗಳನ್ನು ಓದಬೇಕು. ಬಾಗಿಲು ತೆರೆದ ಕ್ಷಣಕ್ಕೆ ನನ್ನ ಕನ್ನಡಕದ ಮೇಲೆ ಮಂಜು ಕಟ್ಟುತ್ತದೆ. ಒರೆಸುತ್ತೇನೆ, ಮತ್ತೆ ಕಟ್ಟುತ್ತದೆ. ಹೊರಗೆ ಮಂಜು ಇದೆಯೋ ಇಲ್ಲವೋ ಎಂದು ಬರೆಯಬೇಕಾದವಳು ನಾನು, ಮೊದಲು ಅದು ಕನ್ನಡಕದ್ದೋ ಬೆಟ್ಟದ್ದೋ ಎಂದು ತೀರ್ಮಾನ ಮಾಡಬೇಕು. ಜೊತೆಯವರು ನನ್ನನ್ನು ಮಂಜಮ್ಮ ಎನ್ನುತ್ತಾರೆ. ನಕ್ಕುಬಿಡಿ.

ನಕ್ಕ ಮೇಲೆ ಇದನ್ನೂ ಓದಿ. ನನ್ನ ನಂಬರು ಮೈನಸ್ ಒಂಬತ್ತು ಎಂದು ನಿಮಗೆ ಗೊತ್ತು. ಎರಡು ವರ್ಷದ ಹಿಂದೆ "ಕಣ್ಣು ತೋರಿಸಿಕೊಂಡು ಬರುತ್ತೇನೆ" ಎಂದು ಹೋಗಿ ಸಂಜೆ ತಡವಾಗಿ ಬಂದೆನಲ್ಲ, ಆ ದಿನ ನನ್ನ ಕಣ್ಣಿನ ಹಿಂದಿನ ಪರದೆಯಲ್ಲಿ ಒಂದು ಚಿಕ್ಕ ತೂತಾಗಿತ್ತು. ಲೇಸರ್ ಹಾಕಿ ಮುಚ್ಚಿದರು. ಕಣ್ಣು ಉದ್ದ ಬೆಳೆದಷ್ಟೂ ಆ ಪರದೆ ತೆಳುವಾಗುತ್ತದೆ ಅಂದರು. ನಿಮಗೆ ಹೇಳಿದರೆ ಬೆಟ್ಟಕ್ಕೆ ಕಳಿಸುತ್ತಿರಲಿಲ್ಲ, ಅದಕ್ಕೇ ಹೇಳಲಿಲ್ಲ. ಈಗ ಎಲ್ಲ ಸರಿಯಾಗಿದೆ, ವರ್ಷಕ್ಕೊಮ್ಮೆ ಪರೀಕ್ಷೆ ಅಷ್ಟೆ.

ನನ್ನ ಮಗಳು ಒಂಬತ್ತಕ್ಕೆ ಹೋಗುವುದು ನನಗೆ ಬೇಡ. ಯಾವುದು ಹೆಚ್ಚು ತಡೆಯುತ್ತದೋ ಅದು ಬೇಕು, ಅವಳಿಗೂ ಅದೇ ಬೇಕಂತೆ. ನಿಮಗೆ ಕ್ರಿಮಿಯ ಭಯ. ನನಗೂ ಇದೆ. ಬೇರೆ ಮನೆಯಾಗಿದ್ದರೆ ಕನ್ನಡಕವೇ ಸಾಕು ಎನ್ನುತ್ತಿದ್ದೆ. ಆದರೆ ಆ ಮನೆಯಲ್ಲಿ ನೀವಿದ್ದೀರಿ. ಎಷ್ಟು ಸಾವಿರ ಕೂಸುಗಳನ್ನು ಹಿಡಿದ ಕೈ ಅದು. ನನ್ನ ಮಗಳನ್ನೂ ಮೊದಲು ಮುಟ್ಟಿದ್ದು ಅದೇ ಕೈ. ಆ ಕೈಯ ಧೈರ್ಯದ ಮೇಲೆ ಕೇಳುತ್ತಿದ್ದೇನೆ, ಲೆನ್ಸ್ ಹಾಕಿಸೋಣ.

ನಿಮ್ಮ
ಮಂಜಮ್ಮ

ಮಾರ್ಚ್ ೨೨

ಅಮ್ಮ,

ಲೆನ್ಸ್ ಬಂತು! ನಾನೇ ಹಾಕ್ಕೊಳ್ತೀನಿ. ಮೊದಲ ದಿನ ಅಳು ಬಂತು, ಎರಡನೇ ದಿನ ಸೀನು ಬಂತು, ಆಮೇಲೆ ಏನೂ ಬರಲಿಲ್ಲ. ಅಜ್ಜಿ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿರುತ್ತಾಳೆ. ಕೈ ತೊಳೆಯೋದು, ಒಣ ಬಟ್ಟೆಯಲ್ಲಿ ಒರೆಸೋದು, ಡಾಕ್ಟರಮ್ಮ ಕೊಟ್ಟ ಬಾಟಲಿಯ ದ್ರವದಲ್ಲೇ ಲೆನ್ಸ್ ಉಜ್ಜೋದು. ನಲ್ಲಿ ನೀರು ಒಂದು ಹನಿಯೂ ಸೋಕಬಾರದು. ಕಣ್ಣು ಕೆಂಪಾದರೆ, ನೋವಾದರೆ, ಬೆಳಕು ಚುಚ್ಚಿದರೆ ಲೆನ್ಸ್ ತೆಗೆದು ಸೀದಾ ಆಸ್ಪತ್ರೆಗೆ. ಅಜ್ಜಿ ಇದನ್ನೆಲ್ಲ ದಿನಾ ನನ್ನ ಕೈಲಿ ಒಪ್ಪಿಸುತ್ತಾಳೆ. ಮಗ್ಗಿಗಿಂತ ಕಷ್ಟ.

ಐದನೇ ದಿನ ಬೆಳಿಗ್ಗೆ ಏನಾಯ್ತು ಗೊತ್ತಾ? ಲೆನ್ಸ್ ತೆಗೆದು ಕಿಟಕಿ ಹತ್ತಿರ ಹೋದೆ. ಎದುರು ಮನೆ ದರ್ಜಿ ಮಾಮನ ಬೋರ್ಡ್ ಓದಕ್ಕೆ ಬಂತು. ಅವರ ಮೇಜಿನ ಮೇಲಿರೋ ಕತ್ತರೀನೂ ಕಂಡಿತು. ಅವರ ಬೆಕ್ಕಿಗೆ ಮೀಸೆ ಇದೆ ಅಮ್ಮ. ಇಷ್ಟು ದಿನ ಆ ಬೆಕ್ಕಿಗೆ ಮುಖವೇ ಇರಲಿಲ್ಲ. ಕನ್ನಡಕ ಹುಡುಕದೆ ಬೆಳಿಗ್ಗೆ ಬೆಕ್ಕು ನೋಡಿದ್ದು ಇದೇ ಮೊದಲು.

ಮೊನ್ನೆ ನಾಲ್ಕು ಚೆಂಡು ತಡೆದೆ. ಕೋಚ್ ಅಕ್ಕ "ನಿನ್ನ ಕಣ್ಣಿಗೆ ಏನು ಹಾಕ್ಕೊಂಡು ಬಂದ್ಯೇ?" ಅಂದರು. "ಏನೂ ಇಲ್ಲ, ತೆಗೆದು ಬಂದೆ" ಅಂದೆ. ಜೂನಿನಲ್ಲಿ ಎಲ್ಲ ಶಾಲೆಗಳ ಪಂದ್ಯ ಇದೆ, ನಾನೇ ಕೀಪರ್.

ಒಂದು ತಮಾಷೆ ಹೇಳ್ತೀನಿ. ಲೆನ್ಸಿನ ಮೇಲೆ ಗೀರು ಬಿದ್ದಿದೆಯಾ ಅಂತ ಅಜ್ಜಿ ರಾತ್ರಿ ಬೆರಳ ತುದಿಯಲ್ಲಿ ಇಟ್ಟುಕೊಂಡು ದೀಪಕ್ಕೆ ಹಿಡಿದು ನೋಡ್ತಾಳೆ. ಮೊನ್ನೆ ಹಾಗೇ ನೋಡಿ "ಹ್ಞೂಂ, ಚೆನ್ನಾಗಿದೆ" ಅಂದಳು. ಬೆರಳ ಮೇಲೆ ಲೆನ್ಸೇ ಇರಲಿಲ್ಲ ಅಮ್ಮ, ಅವಳ ತೋಳಿಗೆ ಅಂಟಿತ್ತು! ನಾನು ನಕ್ಕೂ ನಕ್ಕೂ ಹಾಸಿಗೆಯಿಂದ ಬಿದ್ದೆ. ಅಜ್ಜಿ ನಗಲಿಲ್ಲ.

ನಿನ್ನ
ಮಿಡತೆ

ಏಪ್ರಿಲ್ ೮

ಅತ್ತೆ,

ಮಿಡತೆಯ ಪತ್ರವನ್ನು ಇಲ್ಲಿ ಎಲ್ಲರಿಗೂ ಓದಿ ಹೇಳಿದೆ. ಬೆಕ್ಕಿನ ಮೀಸೆಯ ಹತ್ತಿರ ಬಂದಾಗ ಕನ್ನಡಕ ತೆಗೆದು ಒರೆಸಬೇಕಾಯಿತು, ನಮ್ಮ ಅಡುಗೆಯವರು ಉಳಿದದ್ದನ್ನು ಓದಿ ಮುಗಿಸಿದರು. ಇಷ್ಟು ಸಂತೋಷವಾಗಿ ಎಷ್ಟು ದಿನವಾಗಿತ್ತೋ. ನೀವು ಬೇಡ ಎಂದಿದ್ದರೂ ನನ್ನ ಮಾತು ನಡೆಸಿಕೊಟ್ಟಿರಿ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ, ನನ್ನ ಕಾಲ ಇಷ್ಟು ಬೇಗ ಬರುತ್ತದೆಂದು ಅಂದುಕೊಂಡಿರಲಿಲ್ಲ.

ಒಂದು ಮಾತು ಕೇಳಲೇ? ಬೇಜಾರು ಮಾಡಿಕೊಳ್ಳಬೇಡಿ. ಲೆನ್ಸ್ ನಿಮ್ಮ ತೋಳಿಗೆ ಅಂಟಿದ್ದ ವಿಷಯ ಓದಿ ನಾನೂ ನಕ್ಕೆ. ಆಮೇಲೆ ನಿಮ್ಮ ಹಿಂದಿನ ಪತ್ರಗಳನ್ನು ತೆಗೆದು ನೋಡಿದೆ. ವಾರ್ಡಿನ ಚಾರ್ಟು ಬರೆದು ಪಳಗಿದ ಅಕ್ಷರ ನಿಮ್ಮದು, ಇರುವೆ ಸಾಲಿಟ್ಟ ಹಾಗೆ ಇರುತ್ತಿತ್ತು. ಈಚೆಗೆ ಅಕ್ಷರ ದಪ್ಪವಾಗಿದೆ, ಸಾಲುಗಳು ಗೆರೆ ಬಿಟ್ಟು ಮೇಲೆ ಹತ್ತುತ್ತಿವೆ. ಒಂದು ಕಡೆ ಒಂದು ಸಾಲಿನ ಮೇಲೇ ಇನ್ನೊಂದು ಸಾಲು ಬರೆದಿದ್ದೀರಿ. ನಿಮ್ಮ ಕಣ್ಣು ಹೇಗಿದೆ? ಯಾವಾಗ ತೋರಿಸಿದ್ದು?

ಸುಮ್ಮನೆ ಕೇಳಿದೆ ಅಷ್ಟೆ.

ನಿಮ್ಮ ಸೊಸೆ

ಏಪ್ರಿಲ್ ೨೫

ಪತ್ತೇದಾರಿ ಸೊಸೆಗೆ,

ಸಾಲು ಮೇಲೆ ಹತ್ತಿದರೆ ಹತ್ತಲಿ ಬಿಡು, ಬೆಟ್ಟಕ್ಕೆ ಹೋಗುವ ಪತ್ರ ಅಲ್ಲವೇ. ಅರವತ್ತೆಂಟರ ಕೈ, ಬಲ್ಬಿನ ಬೆಳಕು, ಮೇಲಾಗಿ ನಿನ್ನ ಗಂಡ ತಂದುಕೊಟ್ಟ ಪೆನ್ನು. ಈಗ ಅದಕ್ಕಿಂತ ದೊಡ್ಡ ಸುದ್ದಿ ಇದೆ, ಓದಿ ಬೈಯುವುದಾದರೆ ಒಂದೇ ಸಲ ಬೈದುಬಿಡು.

ಲೆನ್ಸನ್ನು ಕುದಿಸಿಬಿಟ್ಟೆ.

ಆದದ್ದು ಹೀಗೆ. ಬೆಳಿಗ್ಗೆ ತೆಗೆಯುವಾಗ ಒಂದು ಲೆನ್ಸು ಮಿಡತೆಯ ಕೈ ಜಾರಿ ಬಚ್ಚಲಿನ ನೆಲಕ್ಕೆ ಬಿತ್ತು. ಹುಡುಕಿ ಎತ್ತಿಕೊಟ್ಟು ಅವಳು ಆಟದ ಅಭ್ಯಾಸಕ್ಕೆ ಓಡಿದಳು. ಬಚ್ಚಲಿನ ನೆಲ! ನನ್ನ ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ನನ್ನ ಕೈ ಕಲಿತದ್ದು ಒಂದೇ ಪಾಠ, ಮೈಗೆ ತಾಗುವ ವಸ್ತು ನೆಲಕ್ಕೆ ತಾಗಿದರೆ ಕುದಿಯುವ ನೀರಿಗೆ ಹಾಕು. ಕತ್ತರಿ, ಚಿಮುಟ, ಬಟ್ಟಲು, ಯಾವುದನ್ನು ಕುದಿಸಿಲ್ಲ ನಾನು? ಬುದ್ಧಿ ಏನಾದರೂ ಹೇಳುವ ಮೊದಲೇ ಕೈ ಪಾತ್ರೆ ಇಟ್ಟು ಒಲೆ ಹಚ್ಚಿಯಾಗಿತ್ತು. ಒಂದನ್ನೇ ಯಾಕೆ ಎಂದು ಎರಡನ್ನೂ ಹಾಕಿದೆ. ಚೆನ್ನಾಗಿ ಕುದಿಸಿದೆ. ಇಳಿಸಿ, ಆರಿಸಿ, ಡಬ್ಬಿಗೆ ಹಾಕಿ, ಹೆಮ್ಮೆಯಿಂದ ಇಟ್ಟೆ.

ಬಿಸಿಲಲ್ಲಿ ಬಿಟ್ಟ ಬಾಚಣಿಗೆಯ ಹಾಗೆ ಎರಡೂ ಸೊಟ್ಟಗಾದವು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ನನ್ನ ಪಾಲಿಗೆ ಗಾದೆಯ ಎರಡು ತುಂಡೂ ನಿಜವಾದವು.

ಡಾಕ್ಟರಮ್ಮ ಬೈಯಲಿಲ್ಲ. "ನಿಮ್ಮ ಥರ ಕುದಿಸಿದವರನ್ನ ಇದೇ ಮೊದಲು ನೋಡ್ತಿರೋದು" ಎಂದು ನಕ್ಕರು. ನಲ್ಲಿ ನೀರಲ್ಲಿ ತೊಳೆದು ಸುಮ್ಮನೆ ಕಣ್ಣಿಗೆ ಹಾಕುವವರೇ ಹೆಚ್ಚಂತೆ, ಅದು ಇದಕ್ಕಿಂತ ಕೆಟ್ಟದ್ದಂತೆ. ಬಿದ್ದರೆ ದ್ರವದಲ್ಲಿ ಉಜ್ಜಿ ನೆನೆಸಿಟ್ಟು, ತಮಗೆ ಫೋನ್ ಮಾಡಬೇಕಂತೆ. ಹೊಸ ಲೆನ್ಸು ತಯಾರಾಗಿ ಬರುವುದಕ್ಕೆ ಸ್ವಲ್ಪ ದಿನ ಬೇಕು. ಅಲ್ಲಿಯವರೆಗೆ ಕನ್ನಡಕ. ಒತ್ತಿದ ಕಣ್ಣು ಮೆಲ್ಲಮೆಲ್ಲಗೆ ಮೊದಲಿನ ಹಾಗೇ ಆಗುತ್ತದೆ, ತೊಂದರೆ ಏನಿಲ್ಲ.

ಮಿಡತೆ ಒಂದು ದಿನ ಮುಖ ಊದಿಸಿಕೊಂಡಿದ್ದಳು. ಈಗ ಮಾತಾಡುತ್ತಾಳೆ. ಇಷ್ಟೇ ಸಮಾಚಾರ.

ಬೇಯಿಸುವುದರಲ್ಲಿ ಪ್ರವೀಣೆಯಾದ
ನಿನ್ನ ಅತ್ತೆ

ಮೇ ೧೨

ಅಮ್ಮ,

ಇದು ಗುಟ್ಟಿನ ಪತ್ರ ಅಲ್ಲ. ಅಜ್ಜಿಗೆ ಹೇಳಿಯೇ ಬರೀತಿದ್ದೀನಿ. ಅವಳು ಅಡುಗೆಮನೇಲಿ ಪಾತ್ರೆಗಳನ್ನ ಜೋರಾಗಿ ಇಡ್ತಿದ್ದಾಳೆ, ಕೇಳಿಸ್ತಿದೆ.

ಲೆನ್ಸ್ ಕುದಿಸಿದ್ದನ್ನ ಅಜ್ಜಿ ಬರೆದಳಲ್ಲ, ಅರ್ಧ ಬರೆದಿದ್ದಾಳೆ. ಆ ರಾತ್ರಿ ಅವಳು ಲೆನ್ಸ್ ತೆಗೆದು ದೀಪಕ್ಕೆ ಹಿಡಿದು ನೋಡಿ "ಚೆನ್ನಾಗಿದೆ, ಹಾಕ್ಕೋ" ಅಂದಳು. ನನ್ನ ಬೆರಳ ಮೇಲೆ ಇಟ್ಟರೆ ಅದು ಒಂದು ಕಡೆ ವಾಲಿತು. ಅಂಚು ಮಡಿಚಿತ್ತು. ನಾನು "ಅಜ್ಜಿ, ಇದು ಸೊಟ್ಟ ಇದೆ" ಅಂದೆ. ಅವಳು ಮತ್ತೆ ನೋಡಿದಳು, ಮತ್ತೆ "ಇಲ್ಲವಲ್ಲೇ" ಅಂದಳು. ಆಮೇಲೆ ಬೆರಳಲ್ಲಿ ಸವರಿ ನೋಡಿದಳು. ಆಗ ಎರಡನ್ನೂ ಡಬ್ಬಿಗೆ ಹಾಕಿ ಮುಚ್ಚಿ ಸೆರಗಿಗೆ ಕಟ್ಟಿಕೊಂಡಳು.

ಅದಕ್ಕೇ ನಾನು ಅಜ್ಜಿಗೆ ಕಣ್ಣಿನ ಪರೀಕ್ಷೆ ಮಾಡಿದೆ. ಡಾಕ್ಟರಮ್ಮನ ಹತ್ತಿರ ಇರೋ ಥರ ದೊಡ್ಡ ಅಕ್ಷರದಿಂದ ಚಿಕ್ಕ ಅಕ್ಷರದವರೆಗೆ ಹಾಳೆ ಮೇಲೆ ಬರೆದು ಗೋಡೆಗೆ ಅಂಟಿಸಿದೆ. ಅಜ್ಜಿ ಪಟಪಟ ಅಂತ ಕೊನೇ ಸಾಲಿನವರೆಗೂ ಹೇಳಿದಳು. ನಂಗೆ ಖುಷಿ ಆಯ್ತು. ಆಮೇಲೆ ಅನುಮಾನ ಬಂತು. ನಾನು ಡಾಕ್ಟರಮ್ಮನ ಹತ್ತಿರ ಓದುವಾಗೆಲ್ಲ ಅಜ್ಜಿ ಪಕ್ಕದಲ್ಲೇ ಕೂತಿರ್ತಾಳೆ. ನಾನು ಅದೇ ಅಕ್ಷರಗಳನ್ನ ಅದೇ ಸಾಲಲ್ಲಿ ಬರೆದಿದ್ದೆ. ಅವಳಿಗೆ ಬಾಯಿಪಾಠ! ಮಾರನೇ ದಿನ ಅಕ್ಷರ ಎಲ್ಲ ಹಿಂದೆಮುಂದೆ ಮಾಡಿ ಅಂಟಿಸಿದೆ. ಅಜ್ಜಿ ಹಳೇದನ್ನೇ ಒಪ್ಪಿಸಿದಳು. ಎರಡನೇ ಸಾಲಿಗೇ ಔಟ್.

ಅಪ್ಪ ಬೇಕರಿಯಿಂದ ಬಂದಾಗ ಹೇಳಿದೆ. ಅಪ್ಪ ಮಲಗಲೇ ಇಲ್ಲ, ಮೈಮೇಲಿನ ಹಿಟ್ಟು ಕೊಡವಿಕೊಂಡು ಅಜ್ಜಿಯನ್ನ ಎಳಕೊಂಡು ಹೋದ. ಎರಡು ಕಣ್ಣಲ್ಲೂ ಪೊರೆ ಬಂದಿದೆಯಂತೆ. ಆಪರೇಷನ್ ಮಾಡಿದರೆ ಚೆನ್ನಾಗಿ ಕಾಣುತ್ತಂತೆ. ಅಜ್ಜಿ "ನೋಡೋಣ ಬಿಡಿ, ಚಳಿಗಾಲ ಬರಲಿ" ಅಂದಳು. ಚಳಿಗಾಲ ಬರಕ್ಕೆ ಇನ್ನೂ ಎಷ್ಟು ದಿನ ಇದೆ! ನಾನು ಕೇಳಿದೆ, "ಅಜ್ಜಿ, ನಿಂಗೆ ಹೆದರಿಕೆನಾ?" ಅವಳು ಹೇಳಿದಳು, "ಆಪರೇಷನ್ ಥಿಯೇಟರಲ್ಲಿ ನಂಗೆ ಇಷ್ಟು ವರ್ಷ ನಿಂತು ಗೊತ್ತು, ಮಲಗಿ ಗೊತ್ತಿಲ್ಲ."

ಹೊಸ ಲೆನ್ಸ್ ಬಂದಿದೆ ಅಮ್ಮ. ಡಬ್ಬಿ ತೆಗೆದಿಲ್ಲ. ಡಾಕ್ಟರಮ್ಮ ಹೇಳಿದ್ದಾರೆ, ಮಕ್ಕಳು ಹಾಕಿಕೊಂಡರೂ ದೊಡ್ಡವರೊಬ್ಬರು ದಿನಾ ಲೆನ್ಸೂ ಕಣ್ಣೂ ನೋಡಬೇಕು ಅಂತ. ಅಪ್ಪ ರಾತ್ರಿ ಇರಲ್ಲ. ನಮ್ಮ ಮನೇಲಿ ನೋಡೋವರಿಗೆ ಕಾಣಲ್ಲ. ಅದಕ್ಕೆ ನಾನು ಅಜ್ಜಿಗೆ ಹೇಳಿಬಿಟ್ಟೆ, ನೀನು ಕಣ್ಣು ಮಾಡಿಸಿಕೊಳ್ಳೋವರೆಗೂ ನಾನು ಲೆನ್ಸ್ ಹಾಕಲ್ಲ. ಪಂದ್ಯಕ್ಕೆ ಕನ್ನಡಕದಲ್ಲೇ ಹೋಗ್ತೀನಿ. ಗೋಲ್ ಬಿದ್ದರೆ ಬೀಳಲಿ.

ಆದರೆ ಬೀಳದೇ ಇದ್ದರೆ ಚೆನ್ನಾಗಿರುತ್ತೆ.

ನಿನ್ನ
ಮಿಡತೆ

ಮೇ ೨೬

ಅತ್ತೆ,

ಸಿಟ್ಟು ಬಂದಿದೆ. ಎರಡು ಸಲ ಬರೆದು ಹರಿದು ಹಾಕಿದೆ, ಇದು ಮೂರನೆಯದು, ಇನ್ನೂ ಸಿಟ್ಟಿದೆ. ಅರ್ಧ ನಿಮ್ಮ ಮೇಲೆ, ಅರ್ಧ ನನ್ನ ಮೇಲೆ.

ನಿಮ್ಮ ಕೈಯ ಧೈರ್ಯದ ಮೇಲೆ ಮಗಳ ಕಣ್ಣನ್ನು ಬಿಟ್ಟೆ. ಕೈಯನ್ನು ಹೊಗಳಿದೆನೇ ಹೊರತು ನಿಮ್ಮ ಕಣ್ಣು ಹೇಗಿದೆ ಎಂದು ಮೊದಲೇ ಕೇಳಬೇಕು ಎಂದು ಹೊಳೆಯಲಿಲ್ಲ. ಮನೆಯಲ್ಲಿ ಅತ್ತೆ ಇದ್ದಾರೆ ಎಂದರೆ ಗೋಡೆ ಇದ್ದ ಹಾಗೆ ಎಂದುಕೊಂಡುಬಿಟ್ಟಿದ್ದೆ, ಗೋಡೆಗೆ ಯಾರು ಆರೋಗ್ಯ ವಿಚಾರಿಸುತ್ತಾರೆ?

ನೀವು ಮುಚ್ಚಿಟ್ಟದ್ದು ಯಾಕೆ ಎಂದೂ ನನಗೆ ಗೊತ್ತು. ನಿಮ್ಮ ಕಣ್ಣು ಮಂಜಾಗಿದೆ ಎಂದರೆ ನಾನು ಕೆಲಸ ಬಿಟ್ಟು ಇಳಿದು ಬರುತ್ತೇನೆ, ಅಷ್ಟು ಕಷ್ಟಪಟ್ಟು ಸಿಕ್ಕಿದ ಜಾಗ ಹೋಗುತ್ತದೆ, ಅಲ್ಲವೇ? ನನ್ನ ಕಣ್ಣಿನ ತೂತನ್ನು ನಿಮ್ಮಿಂದ ಮುಚ್ಚಿಟ್ಟವಳು ನಾನು, ನಿಮಗೆ ಬುದ್ಧಿ ಹೇಳುವ ಬಾಯಿ ನನಗಿಲ್ಲ. ಕಳ್ಳಿಗೆ ಕಳ್ಳಿ ಸಾಕ್ಷಿ.

ಈಗ ಕೇಳಿ. ಲೆನ್ಸಿನ ಮಾತು ಇಲ್ಲಿಗೆ ಬಿಡೋಣ. ಅದು ಕೆಟ್ಟದ್ದಲ್ಲ, ಕಣ್ಣಿಟ್ಟು ನೋಡುವವರಿರುವ ಮನೆಗೆ ಅದು ಒಳ್ಳೆಯದೇ. ಆದರೆ ಒಬ್ಬರು ಹೆದರಿಕೊಂಡು, ಕಾಣದೆ ಇದ್ದದ್ದನ್ನು ಕಂಡಿತು ಎಂದು ಹೇಳಿಕೊಂಡು ನಡೆಸಬೇಕಾದ ವಸ್ತು ಅಲ್ಲ. ಆ ಸೊಟ್ಟ ಲೆನ್ಸನ್ನು ಮಿಡತೆ ಹಾಕಿಕೊಂಡಿದ್ದರೆ ಎಂದು ನೆನೆದು ನಿನ್ನೆ ರಾತ್ರಿ ನಾನು ಗಾಳಿಯ ವೇಗವನ್ನೇ ತಪ್ಪು ಬರೆದೆ. ನೀವು ಮೊದಲು ಹೇಳಿದ್ದೇ ಸರಿ ಇರಲಿ, ಕನ್ನಡಕ. ಏರಿಕೆ ನಿಧಾನ ಮಾಡುವ ಆ ಬೇರೆ ಕನ್ನಡಕವನ್ನೇ ಮಾಡಿಸಿ, ಆಟಕ್ಕೆ ಪಟ್ಟಿ ಕಟ್ಟುವ ಗಟ್ಟಿ ಕನ್ನಡಕ ಒಂದು ಮಾಡಿಸಿ. ಅವಳು ಇನ್ನೂ ದೊಡ್ಡವಳಾಗಿ, ನಾನೂ ಮನೆಯಲ್ಲಿರುವ ಕಾಲಕ್ಕೆ ಲೆನ್ಸ್ ಬೇಕೆಂದರೆ ಆಗ ನೋಡೋಣ. ಮಿಡತೆಗೂ ಇದನ್ನೇ ಬರೆದಿದ್ದೇನೆ.

ನಿಮ್ಮ ಆಪರೇಷನ್ ಲೆನ್ಸಿಗಾಗಿ ಅಲ್ಲ, ಮಿಡತೆಯ ಹಟಕ್ಕಾಗಿಯೂ ಅಲ್ಲ. ನಿಮಗಾಗಿ. ಮುಂದಿನ ಜೀಪು ಇಳಿಯುವಷ್ಟರಲ್ಲಿ ದಿನ ಗೊತ್ತುಮಾಡಿಲ್ಲ ಎಂದು ತಿಳಿದರೆ, ಅದೇ ಜೀಪಿನಲ್ಲಿ ಮೂಟೆಗಳ ನಡುವೆ ಕುಳಿತು ನಾನೇ ಬರುತ್ತೇನೆ. ಕೆಲಸ ಹೋದರೆ ಹೋಗಲಿ. ನಾನು ಬರುವುದು ನಿಮಗೆ ಬೇಡವಾದರೆ ಆಸ್ಪತ್ರೆಗೆ ಹೋಗಿ. ಎರಡರಲ್ಲಿ ಒಂದು ಆರಿಸಿಕೊಳ್ಳಿ.

ಈ ಸಲ ಸೊಸೆ ಅಲ್ಲ,
ನಿಮ್ಮ ಮಗಳು

ಜೂನ್ ೨೧

ಬೆಟ್ಟದಿಂದ ಇಳಿಯದೇ ಉಳಿದ ಮಗಳಿಗೆ,

ಮೂಟೆಗಳ ನಡುವೆ ಕೂರುವವಳಂತೆ. ಜೀಪಿನವನಿಗೆ ಹೇಳಿಟ್ಟಿದ್ದೆ, ಹತ್ತಲು ಬಂದರೆ ಇಳಿಸು ಎಂದು. ಆದರೆ ಆ ಪತ್ರದ ಕೊನೆಯ ಸಾಲನ್ನು ಮಿಡತೆ ಓದಿ ಹೇಳಿದಾಗ ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಮೂವತ್ತು ವರ್ಷ ಊರ ಹೆಣ್ಣುಮಕ್ಕಳಿಗೆಲ್ಲ "ಹೆದರಬೇಡ, ನಾನಿದ್ದೀನಿ" ಎಂದವಳಿಗೆ ಯಾರಾದರೂ ಹಾಗೆ ಹೇಳಿ ಬಹಳ ಕಾಲವಾಗಿತ್ತು ಕಣೇ.

ಬಲಗಣ್ಣು ಮುಗಿಯಿತು. ಎಡಗಣ್ಣಿಗೆ ಮುಂದಿನ ತಿಂಗಳು. ನನಗೆ ಹೆದರಿಕೆ ಇತ್ತು, ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಮಲಗಿದ ಮೇಲೆ ನರ್ಸ್ ಹುಡುಗಿಗೆ "ಕೈ ತೊಳೆದ್ಯಾ?" ಎಂದು ಕೇಳಿದೆ. "ತೊಳೆದೆ ಅಜ್ಜಿ" ಅಂದಳು. "ಒರೆಸ್ಕೊಂಡ್ಯಾ?" ಅಂದೆ. ಡಾಕ್ಟರಮ್ಮ ಮಾಸ್ಕಿನೊಳಗೇ ನಕ್ಕಿದ್ದು ಕೇಳಿಸಿತು. ನೋಡನೋಡುತ್ತಲೇ ಮುಗಿದುಹೋಯಿತು, ಇಷ್ಟಕ್ಕೆ ಇಷ್ಟು ದಿನ ಹೆದರಿದೆನಲ್ಲ ಎಂದು ನಾಚಿಕೆಯಾಯಿತು. ಮನೆಯಲ್ಲಿ ಹನಿ ಹಾಕುವ ಕೆಲಸ ಮಿಡತೆಯದು. "ಅಲ್ಲಾಡಬೇಡ, ಉಸಿರು ಬಿಡು, ಆಯ್ತು ಆಯ್ತು" ಎಂದು ನನ್ನ ವಾರ್ಡಿನ ಮಾತನ್ನೆಲ್ಲ ನನಗೇ ಹೇಳುತ್ತಾಳೆ. ಎಲ್ಲಿ ಕಲಿತಳೋ ದೇವರೇ ಬಲ್ಲ.

ಪಟ್ಟಿ ಬಿಚ್ಚಿದ ಮೇಲೆ ಮೊದಲು ಕಂಡದ್ದು ನಮ್ಮ ಗೋಡೆ. ಅದು ಕೆನೆ ಬಣ್ಣ ಎಂದುಕೊಂಡಿದ್ದೆ, ಬಿಳಿಯಂತೆ. ಬಿಳಿ ಹೀಗಿರುತ್ತದೆ ಎನ್ನುವುದೇ ಮರೆತುಹೋಗಿತ್ತು. ಒಲೆಯ ಹಿಂದೆ ಎಣ್ಣೆ ಕರೆ ನೋಡಿ ಮೈ ಜುಮ್ಮೆಂದಿತು, ಇಂಥ ಅಡುಗೆಮನೆಯಲ್ಲಿ ನಿಂತು ಊರಿಗೆಲ್ಲ ಶುಚಿಯ ಪಾಠ ಹೇಳುತ್ತಿದ್ದೆ. ಆಮೇಲೆ ನಿನ್ನ ಗಂಡನನ್ನು ನೋಡಿ "ತಲೆಗೆ ಹಿಟ್ಟು ಮೆತ್ತಿದೆ, ಒರೆಸ್ಕೋ" ಅಂದೆ. ಅದು ಹಿಟ್ಟಲ್ಲ, ನರೆ. ನನ್ನ ಮಗ ಯಾವಾಗ ನಡುವಯಸ್ಸಿನವನಾದನೋ. ಪಾಪ, ಪ್ರೀತಿಯಿಂದ ಅವನ ತಲೆ ಸವರಿದೆ, ಕೂತಲ್ಲೇ ನಿದ್ದೆ ಹೋದ.

ಈಗ ಪಂದ್ಯದ ಸಮಾಚಾರ, ನೀನು ಇದಕ್ಕೇ ಕಾಯುತ್ತಿದ್ದೀಯ ಎಂದು ಗೊತ್ತು.

ಮಿಡತೆ ಹೊಸ ಕನ್ನಡಕಕ್ಕೆ ಪಟ್ಟಿ ಕಟ್ಟಿಕೊಂಡು ಇಳಿದಳು. ಮೊದಲು ಎದುರು ತಂಡದ ಹುಡುಗಿಯರು ನಕ್ಕರು. ಮೊದಲರ್ಧದಲ್ಲಿ ಒಂದು ಚೆಂಡು ಸೀದಾ ಕನ್ನಡಕಕ್ಕೇ ಬಡಿಯಿತು. ನಾನು ಎದ್ದು ನಿಂತೆ. ಅವಳು ಕನ್ನಡಕ ಮುಟ್ಟಿ ನೋಡಿಕೊಂಡು, ಏನೂ ಆಗಿಲ್ಲ ಎಂದು ನನ್ನ ಕಡೆ ಕೈ ಬೀಸಿದಳು. ಗಟ್ಟಿ ಕನ್ನಡಕ ಕಣೇ, ಚೆಂಡೇ ಹಿಂದೆ ಹೋಯಿತು. ಆಮೇಲೆ ಯಾರೂ ನಗಲಿಲ್ಲ.

ಎರಡನೇ ಅರ್ಧ ಮುಗಿಯುತ್ತಾ ಬಂದಿತ್ತು. ಎರಡೂ ತಂಡ ಸಮ. ಎದುರು ತಂಡದ ಎತ್ತರದ ಹುಡುಗಿಯೊಬ್ಬಳು ದೂರದಿಂದ ಒದ್ದಳು. ಎರಡು ವರ್ಷದಿಂದ ಮೈದಾನ ಎಂದರೆ ನನಗೆ ಹಸಿರು ಮಬ್ಬು, ಅದರಲ್ಲಿ ಓಡಾಡುವ ಬಣ್ಣಗಳು. ಪಕ್ಕದವರು ಕೂಗಿದರೆ ನಾನೂ ಕೂಗುತ್ತಿದ್ದೆ. ಈ ಸಲ ಚೆಂಡು ಬಂದದ್ದು ನನಗೆ ಕಂಡಿತು. ಅದರ ಕಪ್ಪು ಬಿಳಿ ತುಂಡುಗಳು ತಿರುಗುವುದು ಕಂಡಿತು. ಮಿಡತೆ ಎಡಕ್ಕೆ ಹಾರಿದ್ದು ಕಂಡಿತು, ಅವಳ ಬೆರಳ ತುದಿಗೆ ತಾಗಿದ್ದು ಕಂಡಿತು, ತಾಗಿಯೂ ಜಾರಿ ಬಲೆಯೊಳಗೆ ಹೋಗಿ ಬಿದ್ದದ್ದು ಕಂಡಿತು. ನಾನು ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟಿ ಕುಣಿದುಬಿಟ್ಟೆ.

ನಮ್ಮ ಕಡೆಯವರೆಲ್ಲ ಸುಮ್ಮನೆ ಕೂತಿದ್ದರು. ನಿನ್ನ ಗಂಡ ನನ್ನ ಸೆರಗು ಎಳೆದು "ಅಮ್ಮ, ಅದು ನಮಗೆ ಬಿದ್ದ ಗೋಲು" ಅಂದ. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ತಡೆದುಕೊಳ್ಳಲು ಆಗಲಿಲ್ಲ.

ಸೋತೆವು. ಪಂದ್ಯ ಮುಗಿದ ಮೇಲೆ ಮಿಡತೆ ನನ್ನ ಹತ್ತಿರವೇ ಧುಮುಗುಟ್ಟುತ್ತಾ ಬಂದಳು. "ಅಜ್ಜಿ, ನಿಂಗೆ ನಾಚಿಕೆ ಆಗಲ್ವಾ? ನಂ ಗೋಲಿಗೆ ಬಿದ್ರೆ ಚಪ್ಪಾಳೆ ಹೊಡೀತೀಯಾ? ಯಾರ ಕಡೆ ನೀನು?" ಎಂದು ಕನ್ನಡಕ ಕಿತ್ತು, ಮಣ್ಣು ಮೆತ್ತಿದ ಮುಖ ನನ್ನ ಮುಖದ ಮುಂದೆ ತಂದು ನಿಂತಳು.

ಅವಳು ಬೈಯುತ್ತಲೇ ಇದ್ದಳು. ನಾನು ಅವಳನ್ನು ನೋಡುತ್ತಲೇ ಇದ್ದೆ. ಮೂಗಿನ ಮೇಲೆ ಕನ್ನಡಕ ಒತ್ತಿದ ಎರಡು ಕೆಂಪು ಗುರುತು. ಮುಂದಿನ ಹಲ್ಲು ಪೂರ್ತಿ ಬಂದಿದೆ. ಸಿಟ್ಟು ಬಂದರೆ ಹುಬ್ಬು ಗಂಟಾಗಿ ನಡುವೆ ಒಂದು ಸಣ್ಣ ಗೆರೆ ಬೀಳುತ್ತದೆ, ನಿನಗೆ ಬೀಳುವ ಹಾಗೇ. ಎರಡು ವರ್ಷದಿಂದ ದಿನಾ ತಲೆ ಬಾಚಿದ ಮಗು, ದಿನಾ ಪಕ್ಕದಲ್ಲಿ ಮಲಗಿದ ಮಗು. ಅವಳು ಇಷ್ಟು ನಿನ್ನ ಹಾಗೆ ಆಗಿದ್ದಾಳೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ನಿನ್ನ
ಅಮ್ಮ